ಗಟ್ಟಿಯವರ ಗಾಡಿ

ಈಗ ಯಾರಾದರೂ ನನ್ನೆದುರು ಕಾರಿನ ಮಾತು ತೆಗೆದರೆ ನನಗೆ ವಾಕರಿಕೆ ಬರುತ್ತದೆ. ಯಾವ ಕಂಪನಿ ಚಲೋ, ಯಾವುದರ ಬಾಡಿ ಗಟ್ಟಿ, ಯಾವುದಕ್ಕೆ ಎಷ್ಟು ಸ್ಟಾರ್, ಯಾವುದು ಏರಿನಲ್ಲಿ ಹೇಗೆ ಎಳೆಯುತ್ತದೆ ಎಂದು ಶುರುವಾದ ಕೂಡಲೇ ಎದ್ದು ಹೋಗುತ್ತೇನೆ. ಬಸ್ಸಿನಲ್ಲಾದರೆ ಸೀಟು ಬದಲಾಯಿಸುತ್ತೇನೆ. ಒಂದು ಮದುವೆಮನೆಯಲ್ಲಿ ಎಲೆಯ ಮುಂದಿನಿಂದ ಎದ್ದದ್ದೂ ಇದೆ. ಜನ ಇವಳಿಗೇನೋ ಸೊಕ್ಕು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.

ನಾನು ಹೆದ್ದಾರಿ ಪಕ್ಕದ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್. ಇಪ್ಪತ್ತು ವರ್ಷವಾಯಿತು, ಅದರಲ್ಲಿ ಹನ್ನೆರಡು ವರ್ಷ ಹೆರಿಗೆ ವಾರ್ಡು. ನನಗೆ ಮದುವೆಯಾಗಲಿಲ್ಲ, ಅದರ ಕಾರಣ ಇಲ್ಲಿ ಬೇಕಿಲ್ಲ. ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯಲ್ಲಿ ಅವ್ವ, ನಾನು, ತಮ್ಮ, ತಮ್ಮನ ಹೆಂಡತಿ, ನಾಲ್ಕೇ ಜನ. ತಮ್ಮ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಅವನ ಹೆಂಡತಿ ಹಿರೇಹಡಗಲಿಯ ಹುಡುಗಿ, ಮಾತು ಕಮ್ಮಿ, ಹೇಳಿದ್ದನ್ನು ಕೇಳುವವಳು. ಮದುವೆಯಾದ ಆರು ವರ್ಷಕ್ಕೆ ಮೊದಲ ಸಲ ಬಸುರಾದಳು. ಆ ಆರು ವರ್ಷ ಅವಳು ಯಾರ ಯಾರ ಬಾಯಿಂದ ಏನೇನು ಕೇಳಿದ್ದಳೆಂದು ನನಗೆ ಗೊತ್ತು.

ಹೆಂಡತಿ ಬಸುರಿ ಎಂದು ತಿಳಿದ ವಾರವೇ ತಮ್ಮ, ಇನ್ನು ಇವಳನ್ನು ಬೈಕಿನ ಮೇಲೆ ಕೂರಿಸಬಾರದು, ಕಾರು ತರಬೇಕು ಅಂದ. ನನಗೂ ಖುಷಿಯಾಯಿತು. ಅಲ್ಲಿಂದ ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಅವನು ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು, ಸ್ಕೇಲಿಟ್ಟು ಗೆರೆ ಹೊಡೆದು, ಮೂರು ಕಂಪನಿಗಳಿಗೆ ಮೂರು ಸಾಲು ಮಾಡಿದ. ಕಂಪನಿಗಳ ಹೆಸರು ನಾನು ಬರೆಯುವುದಿಲ್ಲ, ಅವರದೇನೂ ತಪ್ಪಿಲ್ಲ. ಮನೆಯಲ್ಲಿ ನಾವೇ ಅವಕ್ಕೆ ಹೆಸರಿಟ್ಟುಕೊಂಡಿದ್ದೆವು: ಮೈಲೇಜಿನವರು, ಗಟ್ಟಿಯವರು, ಓಟದವರು.

ಮೈಲೇಜಿನವರ ಗಾಡಿ ಹಗುರ, ಎಣ್ಣೆ ಕುಡಿಯುವುದು ಕಡಿಮೆ, ಕೆಟ್ಟರೆ ಯಾವ ಊರಿನಲ್ಲೂ ರಿಪೇರಿ ಆಗುತ್ತದೆ. ಆದರೆ ಗುದ್ದಿಸಿ ನೋಡುವ ಪರೀಕ್ಷೆಯಲ್ಲಿ ಮುಖ ಜಜ್ಜಿಹೋಗುತ್ತದೆ. ಗಟ್ಟಿಯವರದ್ದಕ್ಕೆ ಅದೇ ಪರೀಕ್ಷೆಯಲ್ಲಿ ಐದು ಸ್ಟಾರು, ಬಾಗಿಲು ಹಾಕಿದರೆ ಗೋದಾಮಿನ ಬಾಗಿಲು ಹಾಕಿದ ಹಾಗೆ ಸದ್ದು. ಆದರೆ ಅದರ ಡ್ಯಾಷ್‌ಬೋರ್ಡಿನ ಪರದೆ ಆಗಾಗ ಕಪ್ಪಾಗುತ್ತದೆ, ಸರ್ವಿಸಿಗೆ ಹೊಸಪೇಟೆಗೇ ಹೋಗಬೇಕು. ಓಟದವರದ್ದು ಎಂಜಿನ್ ಜೋರು, ಸ್ಟಾರು ಮೂರೋ ನಾಲ್ಕೋ, ಬಿಡಿಭಾಗ ಬೇಕೆಂದರೆ ತಿಂಗಳುಗಟ್ಟಲೆ ಕಾಯಬೇಕು. ಇಷ್ಟನ್ನು ತಿಳಿಯಲು ನಾಲ್ಕು ತಿಂಗಳು ಬೇಕಿತ್ತೇ? ಆದರೆ ಮಾಸ್ತರರು ಅಂದಮೇಲೆ ಮುಗಿಯಿತಲ್ಲ, ಸುಮ್ಮನೆ ಒಂದು ನಿರ್ಧಾರ ಮಾಡಿದರೆ ಓದಿದ್ದಕ್ಕೆ ಏನು ಮರ್ಯಾದೆ!

ಭಾನುವಾರ ಬಂತೆಂದರೆ ಅವನ ಸ್ಕೂಲಿನ ಇಬ್ಬರು ನಮ್ಮ ಪಡಸಾಲೆಯಲ್ಲಿ ಹಾಜರು. ಒಬ್ಬರು ಹರಪನಹಳ್ಳಿಯವರು, ಒಂಬತ್ತು ವರ್ಷದಿಂದ ಮೈಲೇಜಿನವರ ಗಾಡಿ ಓಡಿಸುವವರು. ಆಯಿಲ್ ಬದಲಿಸಿದ್ದು ಬಿಟ್ಟರೆ ಬಾನೆಟ್ಟೇ ತೆಗೆದಿಲ್ಲವೆಂದು ಪ್ರತಿ ವಾರ ಹೇಳುತ್ತಿದ್ದರು. ಇನ್ನೊಬ್ಬರು ಕೊಟ್ಟೂರಿನವರು. ಅವರಿಗೆ ಇನ್ನೂ ಕಾರೇ ಇರಲಿಲ್ಲ, ಆದ್ದರಿಂದ ಎಲ್ಲ ಕಾರುಗಳ ವಿಷಯವೂ ಗೊತ್ತಿತ್ತು. ಓಟದವರ ಗಾಡಿ ಉಚ್ಚಂಗಿದುರ್ಗದ ಏರನ್ನು ಗೇರು ಇಳಿಸದೆ ಹತ್ತುತ್ತದೆ ಅನ್ನುತ್ತಿದ್ದರು. ಮಂಡಕ್ಕಿ, ಮಿರ್ಚಿ, ಎರಡೆರಡು ಸಲ ಚಹಾ. ಮಾಡಿಕೊಡುವವಳು ಬಸುರಿ.

ತಮ್ಮ ಫೋನನ್ನು ಟೀವಿಗೆ ಜೋಡಿಸಿ ಆ ಗುದ್ದಾಟದ ವಿಡಿಯೋಗಳನ್ನು ನಿಧಾನಗತಿಯಲ್ಲಿ ಹಾಕುತ್ತಿದ್ದ. ಕಾರು ಗೋಡೆಗೆ ಬಂದು ಗುದ್ದುತ್ತದೆ, ಒಳಗಿನ ಗೊಂಬೆಗಳು ಮುಂದಕ್ಕೆ ತೊನೆದು, ಉಬ್ಬಿ ಬಂದ ಗಾಳಿಚೀಲದ ಮೇಲೆ ಬಿದ್ದು ಹಿಂದಕ್ಕೆ ಬರುತ್ತವೆ. ಮೂವರು ಗಂಡಸರು ಕ್ರಿಕೆಟ್ ನೋಡುವ ಹಾಗೆ ಮುಂದೆ ಬಾಗಿ ನೋಡುವರು. ಒಂದು ದಿನ ತಮ್ಮನ ಹೆಂಡತಿ ಚಹಾ ಲೋಟ ಇಡುತ್ತ, ಎಲ್ಲ ಗೊಂಬೆಗಳಿಗೂ ಬೆಲ್ಟ್ ಹಾಕಿದ್ದಾರಲ್ಲ ಅಂದಳು. ಕೊಟ್ಟೂರಿನ ಮಾಸ್ತರು ಸ್ವಲ್ಪ ಸರಿಯಮ್ಮಾ, ಟೀವಿ ಕಾಣಿಸವಲ್ದು ಅಂದರು.

ಕೊನೆಗೆ ಜಗಳ ಬಗೆಹರಿಸಿದವಳು ನಾನು. ಹೆದ್ದಾರಿಯಿಂದ ನಮ್ಮಲ್ಲಿಗೆ ಎಂಥೆಂಥವರನ್ನು ಹೊತ್ತು ತರುತ್ತಾರೆಂದು ಇವರಿಗೇನು ಗೊತ್ತು? ತಗಡು ಕತ್ತರಿಸಿ ಹೊರತೆಗೆದವರ ಕಾಲುಗಳನ್ನು ನಾನು ನೋಡಿದ್ದೇನೆ. ಗಟ್ಟಿಯವರದನ್ನೇ ತೆಗೆದುಕೋ, ಪರದೆ ಕಪ್ಪಾದರೆ ಆಗಲಿ, ಪರದೆ ನೋಡಲು ತಲೆ ಉಳಿದಿದ್ದರೆ ಸಾಕು ಎಂದು ಬಿಗಿಯಾಗಿ ಹೇಳಿದೆ. ತಮ್ಮ ಒಪ್ಪಿದ. ಬಿಳಿ ಬಣ್ಣದ ಗಾಡಿ ಬಂತು. ಉಚ್ಚಂಗೆಮ್ಮನ ಗುಡಿಗೆ ಹೋಗಿ ಪೂಜೆಯಾಯಿತು, ಗಾಲಿಯಡಿ ನಿಂಬೆಹಣ್ಣೂ ಆಯಿತು. ನಾನು ಗೆದ್ದೆನೆಂದು ಬೀಗುತ್ತ ಹಿಂದಿನ ಸೀಟಿನಲ್ಲಿ ಕೂತು ಬಂದೆ.

ಆಮೇಲೆ ಅದನ್ನು ಸಿಂಗರಿಸಲು ಒಯ್ದ. ಮುಂದೆ ಮಿರಿಮಿರಿ ಸ್ಟೀಲಿನ ಗಾರ್ಡು, ಒಳಗೆ ಕೆಂಪು ಅಂಚಿನ ದಪ್ಪ ಸೀಟು ಕವರು. ಕವರು ಕೊಂಡದ್ದಕ್ಕೆ ಅಂಗಡಿಯವನು ಎರಡು ಕ್ಲಿಪ್ಪುಗಳನ್ನು ಪುಕ್ಕಟೆ ಕೊಟ್ಟಿದ್ದ. ಏನು ಗೊತ್ತೇ ಅವು? ಸೀಟ್ ಬೆಲ್ಟಿನ ತುದಿಯ ಲೋಹದ ನಾಲಿಗೆ ಇರುತ್ತದಲ್ಲ, ಅದಷ್ಟೇ. ಬೆಲ್ಟು ಇಲ್ಲ. ಅದನ್ನು ತೂತಿಗೆ ತುರುಕಿದರೆ ಕೂತವರು ಬೆಲ್ಟ್ ಹಾಕಿದ್ದಾರೆಂದು ಗಾಡಿ ನಂಬಿ, ಕೀಂ ಕೀಂ ಎಂದು ಹೊಡೆದುಕೊಳ್ಳುವುದನ್ನು ನಿಲ್ಲಿಸುತ್ತದೆ. ಐದು ಸ್ಟಾರಿನ ಗಾಡಿಗೆ ಸುಳ್ಳು ಹೇಳುವ ಸಾಮಾನು, ಮೇಲೆ ಕಂಪನಿಯ ಗುರುತು ಬೇರೆ ಒತ್ತಿಸಿದ್ದಾರೆ. ನಾನು ಬೈದೆ. ಊರೊಳಗೆ ಅಡ್ಡಾಡುವುದಕ್ಕೆ ಬೆಲ್ಟ್ ಯಾಕಕ್ಕಾ, ಇಸ್ತ್ರಿ ಅಂಗಿ ಮುದುಡುತ್ತದೆ ಎಂದು ನಕ್ಕ. ಓಡುವ ಬಸ್ಸು ಗಕ್ಕನೆ ನಿಂತರೆ ಒಳಗಿನವರು ಯಾಕೆ ಮುಂದಕ್ಕೆ ಮುಗ್ಗರಿಸುತ್ತಾರೆಂದು ಪ್ರತಿ ವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡುವ ಮನುಷ್ಯ ಇವನು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಬೈದು ಸುಮ್ಮನಾದೆ. ಆ ಕ್ಲಿಪ್ಪು ಕಿತ್ತು ಚರಂಡಿಗೆ ಎಸೆಯಲಿಲ್ಲ.

ಏಳು ತಿಂಗಳಿಗೆ ಕುಬಸ ಮಾಡಿದೆವು. ಬಸುರಿಗೆ ಹಸಿರು ಸೀರೆ ಉಡಿಸಿ, ಕೈತುಂಬ ಬಳೆ ತೊಡಿಸಿ, ಉಡಿ ತುಂಬಿ ತವರಿಗೆ ಕಳಿಸುವ ಶಾಸ್ತ್ರ. ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಉತ್ತತ್ತಿ, ಐದು ಥರದ ಹಣ್ಣು ಕಟ್ಟಿ ಹೊಟ್ಟೆಯ ಮುಂದೆ ಸಿಕ್ಕಿಸುತ್ತಾರೆ. ಆ ಉಡಿ ತವರಿನ ಹೊಸಿಲು ದಾಟುವವರೆಗೆ ಬಿಚ್ಚಬಾರದು, ಚೆಲ್ಲಬಾರದು. ಮರುದಿನ ಬೆಳಗ್ಗೆ ತಿಂಡಿಯಾದ ಮೇಲೆ ಹಿರೇಹಡಗಲಿಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಅವ್ವ, ನಾನು, ನಮ್ಮಿಬ್ಬರ ನಡುವೆ ಹೋಳಿಗೆ, ಕರ್ಚಿಕಾಯಿಯ ಬುಟ್ಟಿಗಳು. ಬಸುರಿ ಹಿಂದೆ ಕೂತರೆ ಅವಳಿಗೇ ಆರಾಮ ಎಂದು ನಾನಂದೆ. ತಮ್ಮ ಕೇಳಲಿಲ್ಲ. ಹೊಸ ಗಾಡಿಯಲ್ಲಿ ಉಡಿ ತುಂಬಿಕೊಂಡ ಹೆಂಡತಿ ಮುಂದೆ ಕೂತು ಓಣಿ ದಾಟುವುದನ್ನು ಜನ ನೋಡಬೇಕಿತ್ತು.

ಅವಳು ಕೂತು, ಎಡಗೈ ಎತ್ತಿ ಬೆಲ್ಟನ್ನು ಎಳೆದಳು. ಅವ್ವ ಹಿಂದಿನಿಂದ ಥಟ್ಟನೆ ಅವಳ ಭುಜ ಹಿಡಿದಳು. ಬಸುರಿ ಹೊಟ್ಟೆಯ ಮೇಲೆ ಪಟ್ಟಿ ಬಿಗಿಯಬಾರದು, ಬಿಗಿದರೆ ಕೂಸಿನ ಕೊರಳಿಗೆ ಕರುಳಬಳ್ಳಿ ಸುತ್ತಿಕೊಳ್ಳುತ್ತದೆ. ಮೇಲಾಗಿ ಉಡಿ ಚಪ್ಪಟೆಯಾಗುತ್ತದೆ, ತವರಿಗೆ ಜಜ್ಜಿದ ಬಾಳೆಹಣ್ಣು ಒಯ್ಯುತ್ತೀಯಾ ಅಂದಳು. ನಾನು, ಹಾಗಲ್ಲವ್ವಾ, ಕೆಳಗಿನ ಪಟ್ಟಿಯನ್ನು ಹೊಟ್ಟೆಯ ಕೆಳಗೆ ತೊಡೆಯ ಸಂದಿಗೆ ಹಾಕಬೇಕು, ಮೇಲಿನದು ಎದೆಯ ನಡುವೆ ಬರಬೇಕು, ಕೂಸಿಗೆ ಏನೂ ಆಗುವುದಿಲ್ಲ ಅಂದೆ. ಇದನ್ನು ವಾರ್ಡಿನಲ್ಲಿ ಕಂಡಕಂಡ ಬಸುರಿಯರಿಗೆಲ್ಲ ಹೇಳಿಕೊಡುತ್ತೇನೆ. ಉಡಿಯನ್ನು ಬುಟ್ಟಿಯೊಳಗೆ ಇಡೋಣ ಅಂತಲೂ ಅಂದೆ.

ಅವ್ವ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಹೆರಿಗಿ ಮಾಡ್ಸಾಕಿ ಬ್ಯಾರೆ, ಹೆರಾಕಿ ಬ್ಯಾರೆ. ನೀ ಸುಮ್ನಿರು."

ಈ ಮಾತನ್ನು ನಾನು ಮೊದಲೂ ಕೇಳಿದ್ದೆ. ಕೇಳಿದಾಗಲೆಲ್ಲ ಬಾಯಿ ಕಟ್ಟುತ್ತದೆ. ಅವತ್ತೂ ಕಟ್ಟಿತು. ಅಷ್ಟರಲ್ಲಿ ಗಾಡಿ ಕೀಂ ಕೀಂ ಎಂದು ಶುರುಮಾಡಿತು. ತಮ್ಮ ಡ್ಯಾಷ್‌ಬೋರ್ಡಿನ ಡಬ್ಬಿಯಿಂದ ಕ್ಲಿಪ್ಪು ತೆಗೆದು ಹೆಂಡತಿಯ ಪಕ್ಕದ ತೂತಿಗೆ ಒತ್ತಿದ. ತನ್ನದನ್ನು ಮೊದಲೇ ಒತ್ತಿದ್ದ. ಸದ್ದು ನಿಂತಿತು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ಮುನಿಸು ನನಗೆ. ನಲವತ್ತಾರು ವರ್ಷದ ಹೆಂಗಸಿಗೆ ಮುನಿಸು!

ದಾರಿ ಖಾಲಿಯಿತ್ತು. ಅವ್ವನಿಗೆ ಗಾಡಿಯ ಗುಣ ತೋರಿಸಬೇಕೆಂದು ತಮ್ಮನಿಗೆ ಹುರುಪು ಬಂತು. ನೂರರ ಮೇಲೆ ಹೋದರೂ ಹೊಟ್ಟೆಯಲ್ಲಿನ ನೀರು ಅಲುಗಾಡುವುದಿಲ್ಲ, ಇದೇ ಮೈಲೇಜಿನವರ ಗಾಡಿಯಾಗಿದ್ದರೆ ಇಷ್ಟೊತ್ತಿಗೆ ತರಗೆಲೆಯ ಹಾಗೆ ನಡುಗುತ್ತಿತ್ತು ಎಂದು ವರ್ಣಿಸುತ್ತ ಹೋದ. ಹಿರೇಹಡಗಲಿಗೆ ಇನ್ನೂ ಹತ್ತು ಕಿಲೋಮೀಟರ್ ಇರಬಹುದು, ಒಂದು ತಿರುವು ಕಳೆದದ್ದೇ ರಸ್ತೆಯ ಅಗಲಕ್ಕೂ ಹುರುಳಿ ಹಾಸಿದ್ದರು. ನಮ್ಮ ಕಡೆ ಸುಗ್ಗಿಯಲ್ಲಿ ಹುರುಳಿ ಗಿಡ ಕಿತ್ತು ಡಾಂಬರಿನ ಮೇಲೆ ಹರವುತ್ತಾರೆ, ಲಾರಿ ಬಸ್ಸು ಹಾಯ್ದು ಕಾಳು ಉದುರುತ್ತದೆ. ಎರಡೂ ತುದಿಗೆ ಕಲ್ಲುಗುಂಡು ಇಟ್ಟಿರುತ್ತಾರೆ. ಒಣಗಿದ ಹೊಟ್ಟಿನ ಮೇಲೆ ಬ್ರೇಕ್ ಹಾಕಿದರೆ ಗಾಲಿ ಜಾರುತ್ತದೆಂದು ಈ ನೆಲದ ಸಣ್ಣ ಮಕ್ಕಳಿಗೂ ಗೊತ್ತು. ತಮ್ಮನಿಗೂ ಗೊತ್ತು. ಆದರೆ ಓಟ ಆ ಮಟ್ಟದಲ್ಲಿತ್ತು. ಕಲ್ಲು ತಪ್ಪಿಸಲು ಹೋಗಿ ಬ್ರೇಕ್ ಒತ್ತಿದ. ಗಾಡಿ ಮೆಲ್ಲಗೆ ತಿರುಗುತ್ತ ಜಾರಿ ಹೋಗಿ ಮೋರಿಯ ಕಟ್ಟೆಗೆ ಗುದ್ದಿತು.

ಗಟ್ಟಿಯವರು ಹೇಳಿಕೊಂಡದ್ದೆಲ್ಲ ನಿಜವಿತ್ತು, ಅದನ್ನು ಬರೆಯಲೇಬೇಕು. ಗಾಡಿಯ ಮೂತಿ ಮಾತ್ರ ಮುದುಡಿತು. ಒಳಗೆ ನಾವು ಕೂತ ಜಾಗ ಒಂದು ಗೇಣೂ ಕುಗ್ಗಲಿಲ್ಲ. ನಾಲ್ಕೂ ಬಾಗಿಲು ಸಲೀಸಾಗಿ ತೆರೆದವು. ಚೀಲಗಳು ಉಬ್ಬಿ ಬಂದಿದ್ದವು. ತಮ್ಮನ ಮಣಿಕಟ್ಟು ಮುರಿದಿತ್ತು, ನನ್ನ ಹಣೆ ಒಡೆದಿತ್ತು, ಅವ್ವನಿಗೆ ಮೊಣಕಾಲು ತರಚಿತ್ತು. ಮುಂದಿನ ಸೀಟಿನಲ್ಲಿದ್ದವಳನ್ನು ಹಿಡಿಯುವುದಕ್ಕೆ ಏನೂ ಇರಲಿಲ್ಲ. ಬ್ರೇಕಿಗೇ ಅವಳು ಮುಂದಕ್ಕೆ ಜರುಗಿ ಹೋಗಿದ್ದಳು, ಚೀಲ ಬಂದು ಬಡಿಯುವಾಗ ಡ್ಯಾಷ್‌ಬೋರ್ಡಿಗೆ ಒರಗಿಯೇ ಇದ್ದಳು. ಅವಳ ಹೊಟ್ಟೆಗೂ ಡ್ಯಾಷ್‌ಬೋರ್ಡಿಗೂ ನಡುವೆ ಉಡಿಯ ತೆಂಗಿನಕಾಯಿ ಇತ್ತು. ಅಷ್ಟೇ ಬರೆಯುತ್ತೇನೆ.

ಹುರುಳಿ ತಿರುವಿ ಹಾಕುತ್ತಿದ್ದ ಹೆಂಗಸು ಓಡಿ ಬಂದು, ದಾರಿಗೆ ಅಡ್ಡ ನಿಂತು ಒಂದು ಟಂಟಂ ಆಟೋ ನಿಲ್ಲಿಸಿದಳು. ಆಕೆಯೂ ನಾನೂ ಸೇರಿ ತಮ್ಮನ ಹೆಂಡತಿಯನ್ನು ಅದರಲ್ಲಿ ಮಲಗಿಸಿದೆವು. ನನ್ನ ಕೈಗೆ ಅವಳ ಹೊಟ್ಟೆ ಹಲಗೆಯ ಹಾಗೆ ಬಿಗಿಯಾಗಿ ಸಿಕ್ಕಿತು. ಒಳಗೆ ಮಾಸು ಕಿತ್ತು ರಕ್ತ ತುಂಬುತ್ತಿದೆಯೆಂದು ನನಗೆ ಆಗಲೇ ಗೊತ್ತಾಯಿತು. ಅವ್ವ ರಸ್ತೆಯ ಮೇಲೆ ನಿಂತು, ಉಡಿ ಚೆಲ್ಲಿತಲ್ಲೇ ಯವ್ವಾ, ಉಡಿ ಚೆಲ್ಲಿತಲ್ಲೇ ಎಂದು ಅಳುತ್ತಿದ್ದಳು. ಹೆತ್ತ ತಾಯಿಯ ಬಗ್ಗೆ ಹೀಗೆ ಬರೆಯಬಾರದು, ಆದರೆ ಆ ಕ್ಷಣ ಅವಳ ಬಾಯಿಗೆ ಬಟ್ಟೆ ತುರುಕಬೇಕೆನ್ನಿಸಿತು.

ದೊಡ್ಡಾಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ತೆಗೆದರು. ಹೆಣ್ಣುಮಗು, ತಲೆತುಂಬ ಕೂದಲು. ಉಸಿರಿರಲಿಲ್ಲ. ಕರುಳಬಳ್ಳಿ ಕೊರಳಿಗೆ ಸುತ್ತಿರಲಿಲ್ಲ, ಅದನ್ನು ನಾನೇ ಕೇಳಿ ತಿಳಿದುಕೊಂಡೆ. ತಾಯಿ ಉಳಿದಳು.

ಹೊಲಿಗೆ ನೋಡಿಕೊಳ್ಳಲು ಮನೆಯಲ್ಲೇ ನರ್ಸ್ ಇದ್ದಾಳೆಂದು ಅವಳನ್ನು ನಮ್ಮ ಮನೆಗೇ ಕರೆತಂದೆವು. ಮೂರನೆಯ ದಿನಕ್ಕೆ ಅವಳಿಗೆ ಎದೆಹಾಲು ಬಂದುಬಿಟ್ಟಿತ್ತು. ಕುಡಿಯುವ ಬಾಯಿಲ್ಲ, ಎದೆ ಕಲ್ಲಾಗಿ ರವಿಕೆಯೆಲ್ಲ ತೊಯ್ಯುತ್ತಿತ್ತು. ಹಾಲು ಬತ್ತಲೆಂದು ಅವ್ವ ಹಡಗಲಿ ಮಲ್ಲಿಗೆ ತರಿಸಿ, ಮೊಗ್ಗುಗಳನ್ನು ಎದೆಗಿಟ್ಟು ಮೇಲೆ ಬಟ್ಟೆಯ ಪಟ್ಟಿ ಸುತ್ತಿ, ಉಸಿರು ಕಟ್ಟುವ ಹಾಗೆ ಬಿಗಿದಳು. ಹೊಟ್ಟೆಗೆ ಪಟ್ಟಿ ಬೇಡವೆಂದ ಕೈಗಳೇ ಅವು. ನಾನು ಪಕ್ಕದಲ್ಲಿ ನಿಂತು ಪಿನ್ನು ಕೊಟ್ಟೆ.

ಮಾತಾಡಿಸಲು ಬಂದವರ ಸುದ್ದಿ ಹೇಳಿದರೆ ನಾಲಿಗೆ ಕಹಿಯಾಗುತ್ತದೆ. ಒಳಗೆ ಹೋಗಿ ಅವಳ ಮುಖ ನೋಡಿ ಒಂದು ನಿಟ್ಟುಸಿರು ಬಿಡುವುದು, ಹೊರಗೆ ಬಂದು ಗಾಡಿಯ ಫೋಟೋ ಕೇಳುವುದು. ಬಾಡಿ ನೋಡ್ರಿ, ಬಾಗಿಲಿಗೆ ಒಂದು ಸೊಟ್ಟ ಇಲ್ಲ. ಬೇರೆ ಗಾಡಿ ಆಗಿದ್ದರೆ ನಾಲ್ಕೂ ಹೆಣ. ಅಲ್ಲ, ಓಟದವರದ್ದಕ್ಕೆ ಪಕ್ಕಕ್ಕೂ ಚೀಲ ಇರುತ್ತವೆ. ಹಂಪಸಾಗರದಿಂದ ಬಂದ ನಮ್ಮ ನೆಂಟನೊಬ್ಬ, ಇಷ್ಟಾದರೂ ಎಂಜಿನ್ ಸ್ಟಾರ್ಟ್ ಆಗ್ತೈತಂತ, ಖರೇನಾ ಎಂದು ನನ್ನನ್ನೇ ಕೇಳಿದ. ಮಲ್ಲಿಗೆಯ ವಾಸನೆ ಪಡಸಾಲೆಯವರೆಗೆ ಬರುತ್ತಿತ್ತು, ಅದರ ನಡುವೆ ಕೂತು ಈ ಮಾತು! ಥೂ.

ತಮ್ಮ ಮೊದಲ ಒಂದು ವಾರ ಗೋಡೆ ನೋಡುತ್ತ ಕೂತಿದ್ದ. ಆಗ ಅವನ ಮೇಲೆ ನನಗೆ ಕರುಣೆ ಬಂದಿತ್ತು. ಆಮೇಲೆ ಮೆಲ್ಲಗೆ, ಕಂಪನಿಯವರು ಮೋಸ ಮಾಡಿದ್ದಾರೆ ಅನ್ನತೊಡಗಿದ. ಐದು ಸ್ಟಾರು ಸುಳ್ಳು, ಚೀಲ ಸರಿಯಾದ ಹೊತ್ತಿಗೆ ಬಿಚ್ಚಿಲ್ಲ, ಬಿಚ್ಚಿದ್ದರೆ ಮಗು ಉಳಿಯುತ್ತಿತ್ತು. ಇಬ್ಬರು ಮಾಸ್ತರರೂ ಹೌದೌದೆಂದರು. ಕಂಪನಿಗೆ ದೂರು ಬರೆದ. ಅವ್ವನಿಗೂ ಅದು ಹಿತವಾಯಿತು. ಆ ಎರಡು ಕ್ಲಿಪ್ಪುಗಳು ಎಲ್ಲಿ ಹೋದವೆಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಒಂದು ಭಾನುವಾರ ಬೆಳಗ್ಗೆ ಕಂಪನಿಯ ಕಡೆಯವರೊಬ್ಬರು ಬಂದರು. ಮೆತ್ತಗಿನ ಮಾತಿನ ಮನುಷ್ಯ. ಮಗುವಿನ ವಿಷಯಕ್ಕೆ ಮೊದಲು ಕೈಮುಗಿದರು. ಗಾಡಿ ಆಗಲೇ ನೋಡಿ ಬಂದಿದ್ದೇನೆ, ಕೆಲವು ಪ್ರಶ್ನೆ ಕೇಳಬೇಕು ಅಂದರು. ಮಾಸ್ತರರಿಬ್ಬರೂ ಸಾಕ್ಷಿಗೆ ಕೂತ ಹಾಗೆ ಕೂತಿದ್ದರು. ಮೇಡಂ ಬೆಲ್ಟ್ ಹಾಕಿದ್ದರಾ ಎಂದು ಅವರು ಕೇಳಿದಾಗ ತಮ್ಮ, ಹಾಕಿದ್ದಳು ಅಂದ. ಅಷ್ಟಕ್ಕೆ ಬಿಡದೆ ನನ್ನ ಕಡೆ ನೋಡಿದ. ನಮ್ಮ ಅಕ್ಕ ನರ್ಸ್ ಅದಾಳ, ಆಕಿನ್ನೇ ಕೇಳ್ರಿ ಅಂದ. ಅವ್ವ ತಲೆ ತಗ್ಗಿಸಿ ಬಟ್ಟೆ ಮಡಿಸುತ್ತಿದ್ದಳು, ಕೈ ನಿಂತಿತ್ತು. ನಾನು ಅವ್ವನ ಕೈ ನೋಡಿದೆ, ತಮ್ಮನ ಪ್ಲಾಸ್ಟರ್ ನೋಡಿದೆ, ಹೂಂ ಹಾಕಿದ್ದಳು ಅಂದೆ. ಅವರು ಬರೆದುಕೊಂಡರು.

ಗುಳಿಗೆಯ ಹೊತ್ತಾಗಿತ್ತು. ನೀರು ತೆಗೆದುಕೊಂಡು ಒಳಗೆ ಹೋದೆ. ಬಾಗಿಲು ಅರ್ಧ ತೆರೆದೇ ಇತ್ತು, ಅವಳಿಗೆ ಎಲ್ಲ ಕೇಳಿಸಿತ್ತು. ಗುಳಿಗೆ ನುಂಗಿ ಲೋಟ ನನ್ನ ಕೈಗಿಟ್ಟಳು. ಅತ್ತಿರಲಿಲ್ಲ, ಸಿಟ್ಟೂ ಇರಲಿಲ್ಲ. ಸಾದಾ ದನಿಯಲ್ಲಿ ಹೇಳಿದಳು.

"ಅಕ್ಕಾ, ಅತ್ತಿ ಬ್ಯಾಡ ಅಂದ ಮ್ಯಾಲೂ ನಾನು ಪಟ್ಟಿ ಬಿಟ್ಟಿರಲಿಲ್ರಿ. ಕೈಯಾಗ ಹಿಡ್ಕೊಂಡ ಕುಂತಿದ್ನಿ. ನೀವು ಇನ್ನೊಂದು ಸಲ ಹೇಳ್ತೀರಿ ಅಂತ ಕಾದ್ನಿರಿ."

ಅವ್ವನ ಮೇಲೆ, ತಮ್ಮನ ಮೇಲೆ, ಆ ಫೋಟೋ ಕೇಳುವವರ ಮೇಲೆ ಅಷ್ಟು ದಿನ ನಾನು ಕಾರಿದ ಹೇಸಿಗೆಯೆಲ್ಲ ಒಮ್ಮೆಗೇ ನನ್ನ ಮೇಲೆ ಬಂದು ಬಿತ್ತು. ಅವರಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಲೆಕ್ಕಕ್ಕಿಟ್ಟಿರಲಿಲ್ಲ. ನನಗೆ ಗೊತ್ತಿತ್ತು, ಲೆಕ್ಕಕ್ಕೂ ಇತ್ತು, ಒಂದು ಮಾತಿಗೆ ಮುನಿದು ಕಿಟಕಿಯ ಹೊರಗೆ ಜಾಲಿಗಿಡ ಎಣಿಸುತ್ತ ಕೂತಿದ್ದೆ. ಈಗ ಅದರ ಮೇಲೆ ಸುಳ್ಳೂ ಹೇಳಿ ಬಂದಿದ್ದೆ, ಅವಳ ಕಿವಿಗೆ ಬೀಳುವ ಹಾಗೆ.

ಹೊರಗೆ ಬಂದೆ. ಕಂಪನಿಯವರು ಹೊಸಿಲಿನಲ್ಲಿ ಬೂಟು ಹಾಕಿಕೊಳ್ಳುತ್ತಿದ್ದರು.

"ಬೆಲ್ಟ್ ಹಾಕಿರಲಿಲ್ರಿ," ಅಂದೆ. "ಹಾಕ್ಕೊಳಾಕ ಹೋದಾಕಿಗೆ ಇವರು ಬ್ಯಾಡಂದ್ರು. ಗಾಡಿ ಬಡ್ಕೊಂತು, ಕ್ಲಿಪ್ ಹಾಕಿ ಅದರ ಬಾಯಿ ಮುಚ್ಚಿದ್ರು. ನಾನು ಹಿಂದ ಕುಂತು ನೋಡಿದ್ನಿ. ನಿಮ್ಮ ಗಾಡಿದು ಏನೂ ತಪ್ಪಿಲ್ಲ, ಹಂಗ ಬರ್ಕೊಳ್ರಿ."

ತಮ್ಮ ಎದ್ದು ನಿಂತವನು ಹಾಗೇ ಕೂತ. ಅವ್ವನ ಕೈಯಿಂದ ಬಟ್ಟೆ ಜಾರಿತು. ಆ ಮನುಷ್ಯ ಒಂದು ಬೂಟಿನಲ್ಲಿ ಕಾಲಿಟ್ಟುಕೊಂಡೇ ಕಾಗದ ತೆಗೆದು, ಮೊದಲು ಬರೆದದ್ದನ್ನು ಹೊಡೆದು ಹಾಕಿ ಬೇರೆ ಬರೆದರು. ನನ್ನ ಸಹಿ ಕೇಳಿದರು, ಹಾಕಿದೆ. ಕೊಟ್ಟೂರಿನ ಮಾಸ್ತರು ತೊಡೆಯ ಮೇಲಿದ್ದ ಮಂಡಕ್ಕಿ ಕಾಳು ಕೊಡವಿಕೊಂಡರು. ಅವರ ಮುಖದಲ್ಲಿ ಒಂದು ನಿರಾಳ ಬಂದಿತ್ತು, ನಾನು ಕಣ್ಣಾರೆ ಕಂಡೆ.

"ಹಂಗಾರ ಗಾಡಿ ಚಲೋನ ಐತಿ ಅನ್ನು," ಅಂದರು. "ನಾನೂ ಅದನ್ನ ಬುಕ್ ಮಾಡೀನಿ, ಎರಡು ವಾರದಿಂದ ಜೀವ ಹೊಡ್ಕೊಂತಿತ್ತು."

ಹರಪನಹಳ್ಳಿಯವರು ಯಾವ ಬಣ್ಣ ಎಂದು ಕೇಳಿದರು.